ಮನೆ ಕಟ್ಟುವ ಸೈಟಿನಲ್ಲಿ ಲೀನ್ ಪದ್ಧತಿ: ಪಾಯದಿಂದ ಗೃಹಪ್ರವೇಶದವರೆಗೆ ಒಂದು ಸಮಗ್ರ ಮಾರ್ಗದರ್ಶಿ

ದಾವಣಗೆರೆಯ ಹೊಸ ಬಡಾವಣೆಗಳಲ್ಲಿ ಬೆಳಗ್ಗೆ ಹತ್ತರ ಹೊತ್ತಿಗೆ ಒಂದು ಸುತ್ತು ಹಾಕಿ. ಒಂದು ಸೈಟಿನಲ್ಲಿ ಗಾರೆಯವರು ಎಂ ಸ್ಯಾಂಡ್ (ಕಲ್ಲು ಪುಡಿ ಮಾಡಿ ತಯಾರಿಸಿದ ಮರಳು) ಲೋಡಿಗೆ ಕಾಯುತ್ತಿರುತ್ತಾರೆ. ಪಕ್ಕದ್ದರಲ್ಲಿ ಸೆಂಟ್ರಿಂಗ್, ಅಂದರೆ ಕಾಂಕ್ರೀಟ್ ಸುರಿಯಲು ಹಲಗೆಯ ಅಚ್ಚು ಕಟ್ಟುವುದು, ಮುಗಿದಿದೆ, ಆದರೆ ಕಬ್ಬಿಣ ಕಟ್ಟುವವರು ಹರಿಹರದ ಕಡೆ ಬೇರೆ ಕೆಲಸಕ್ಕೆ ಹೋಗಿದ್ದಾರೆ. ಇನ್ನೊಂದರಲ್ಲಿ ಮೊನ್ನೆ ತಾನೇ ಪ್ಲಾಸ್ಟರ್ ಆದ ಗೋಡೆಯನ್ನು ಎಲೆಕ್ಟ್ರಿಷಿಯನ್ ಕೊರೆಯುತ್ತಿರುತ್ತಾನೆ. ಇವರಲ್ಲಿ ಯಾರೂ ಸೋಮಾರಿಗಳಲ್ಲ. ಬಿಸಿಲಲ್ಲಿ ಬೆವರು ಸುರಿಸಿ ದುಡಿಯುವವರೇ. ಆದರೂ ಮನೆ ಮಾತ್ರ ಹೇಳಿದ ದಿನಕ್ಕೆ ಮುಗಿಯುವುದಿಲ್ಲ.

ತಡ ಆಗುವುದು ಹೆಚ್ಚಾಗಿ ಕೆಲಸ ನಡೆಯುವಾಗಲ್ಲ. ಒಬ್ಬರ ಕೆಲಸ ಮುಗಿದು ಇನ್ನೊಬ್ಬರದು ಶುರುವಾಗುವ ನಡುವೆ ದಿನಗಳು ಸೋರಿಹೋಗುತ್ತವೆ. ಭದ್ರಾ ನಾಲೆಯ ಕೊನೆ ಭಾಗದ ರೈತರನ್ನು ಕೇಳಿದರೆ ಇದು ಸುಲಭವಾಗಿ ಅರ್ಥವಾಗುತ್ತದೆ. ಮೇಲಿನವರು ಒಂದೊಂದು ದಿನ ತಡ ಮಾಡಿದರೆ ಕೊನೆಯವರ ಗದ್ದೆಗೆ ನೀರೇ ಬರುವುದಿಲ್ಲ. ಸೈಟಿನಲ್ಲಿ ಆ ಕೊನೆಯ ಗದ್ದೆ ಟೈಲ್ಸ್‌ನವನದು, ಪೇಂಟರ್‌ನದು, ಆಮೇಲೆ ಮನೆಯ ಮಾಲೀಕರದು.

ಈ ಸೋರಿಕೆ ನಿಲ್ಲಿಸುವ ಕ್ರಮಕ್ಕೆ ಲೀನ್ ಕನ್‌ಸ್ಟ್ರಕ್ಷನ್ ಅನ್ನುತ್ತಾರೆ. ಮೂಲ ಜಪಾನಿನ ಟೊಯೋಟಾ ಕಾರ್ಖಾನೆ. ಅಲ್ಲಿ ತೈಚಿ ಓನೋ ಎಂಬ ಎಂಜಿನಿಯರ್ ಕೆಲಸದಲ್ಲಿ ಅಡಗಿರುವ ಏಳು ಬಗೆಯ ವ್ಯರ್ಥವನ್ನು ಪಟ್ಟಿ ಮಾಡಿದರು. ಕಾರು ಕಟ್ಟುವ ಈ ವಿಚಾರವನ್ನು ಕಟ್ಟಡಕ್ಕೆ ಹೇಗೆ ತರಬಹುದು ಎಂದು ಫಿನ್ಲೆಂಡಿನ ಲೌರಿ ಕೋಸ್ಕೆಲಾ 1992ರಲ್ಲಿ ಒಂದು ವರದಿ ಬರೆದರು. ಅಮೆರಿಕದ ಗ್ಲೆನ್ ಬಲ್ಲಾರ್ಡ್ ಮತ್ತು ಗ್ರೆಗ್ ಹೊವೆಲ್ ಇದನ್ನು ಸೈಟಿಗೆ ಇಳಿಸಿದರು. ಇಬ್ಬರೂ ಸೇರಿ 1997ರಲ್ಲಿ ಲೀನ್ ಕನ್‌ಸ್ಟ್ರಕ್ಷನ್ ಇನ್‌ಸ್ಟಿಟ್ಯೂಟ್ ಶುರು ಮಾಡಿದರು. ಅವರು ರೂಪಿಸಿದ ಕ್ರಮದ ಹೆಸರು ಲಾಸ್ಟ್ ಪ್ಲಾನರ್. ಕೆಲಸ ಹಂಚುವ ಕೊನೆಯ ವ್ಯಕ್ತಿ, ಅಂದರೆ ನಮ್ಮ ಮೇಸ್ತ್ರಿಯೇ, ಯೋಜನೆ ಹಾಕುವುದರಲ್ಲಿ ಕೂರಬೇಕು ಅನ್ನುವುದು ಅದರ ತಿರುಳು.

ದೊಡ್ಡ ಕಂಪನಿಗಳು ಇದಕ್ಕೆ ಸಾಫ್ಟ್‌ವೇರ್ ಇಟ್ಟುಕೊಳ್ಳುತ್ತವೆ. 30x40 ಸೈಟಿನ ಮನೆಗೆ ಅದು ಬೇಡ. ಒಂದು ಗೋಡೆ, ಬಣ್ಣದ ಚೀಟಿಗಳು, ಒಂದು ನೋಟ್‌ಬುಕ್, ವಾರಕ್ಕೆ ಅರ್ಧ ಗಂಟೆ ಸಾಕು.

ಮೊದಲ ಹಂತ: ಸುಮ್ನೆ ನಿಂತು ನೋಡುವುದು

ಏನನ್ನೂ ಬದಲಿಸುವ ಮೊದಲು ಒಂದು ಪೂರ್ತಿ ದಿನ ಸೈಟಿನಲ್ಲಿ ಇರಿ. ಅರ್ಧ ಗಂಟೆಗೊಮ್ಮೆ ಎಲ್ಲರನ್ನೂ ಒಮ್ಮೆ ನೋಡಿ. ಪ್ರತಿಯೊಬ್ಬರ ಹೆಸರಿನ ಮುಂದೆ ಮೂರರಲ್ಲಿ ಒಂದು ಗುರುತು ಹಾಕಿ. ಕಟ್ಟಡಕ್ಕೆ ಏನಾದರೂ ಸೇರಿಸುತ್ತಿದ್ದರೆ ಒಂದು ಗುರುತು. ಸಾಮಾನು ಹೊರುವುದು, ಅಳತೆ ತೆಗೆಯುವುದು, ಅಟ್ಟಣೆ ಕಟ್ಟುವುದು ಆದರೆ ಇನ್ನೊಂದು. ಕಾಯುವುದು, ಹುಡುಕುವುದು, ಮಾಡಿದ್ದನ್ನೇ ಮತ್ತೆ ಮಾಡುವುದು ಆದರೆ ಮೂರನೆಯದು.

ಇದನ್ನು ಯಾಕೆ ಮಾಡುತ್ತಿದ್ದೀರಿ ಎಂದು ಮೊದಲೇ ಎಲ್ಲರಿಗೂ ಹೇಳಿ. ಇಲ್ಲದಿದ್ದರೆ ಕೂಲಿ ಕಡಿಮೆ ಮಾಡೋಕೆ ಲೆಕ್ಕ ಹಾಕ್ತಿದ್ದಾರೆ ಅಂದುಕೊಳ್ಳುತ್ತಾರೆ. ಆಮೇಲೆ ನಿಮಗೆ ಯಾರೂ ನಿಜ ಹೇಳುವುದಿಲ್ಲ.

ಸಂಜೆ ಪಟ್ಟಿ ನೋಡಿದರೆ ಓನೋ ಹೇಳಿದ ಏಳೂ ಕಾಣುತ್ತವೆ. ಕಾಯುವುದು ಎಲ್ಲರಿಗೂ ಗೊತ್ತಿರುವುದೇ. ಸಾಗಾಟ ಅಂದರೆ ರಸ್ತೆಯ ಆಚೆ ಇಳಿಸಿದ ಬ್ಲಾಕನ್ನು ಮತ್ತೆ ಒಳಗೆ ಹೊರುವುದು. 16x8x6 ಇಂಚಿನ ಸಾಲಿಡ್ ಬ್ಲಾಕ್ ಒಂದೊಂದೂ 20 ಕೆಜಿಗಿಂತ ಜಾಸ್ತಿ ತೂಗುತ್ತದೆ. ಹಾಗಾಗಿ 500 ಬ್ಲಾಕನ್ನು ಒಂದು ಸಲ ಹೆಚ್ಚಿಗೆ ಎತ್ತಿಟ್ಟರೆ 10 ಟನ್ ಭಾರ ಸುಮ್ಮನೆ ಹೊತ್ತಂತೆ. ಓಡಾಟ ಅಂದರೆ ಕುಡಿಯುವ ನೀರಿಗೆ, ಕರ್ನೆಗೆ, ಮಟ್ಟದ ಪೈಪಿಗೆ ನಡೆಯುವುದು. ದಾಸ್ತಾನು ಅಂದರೆ ಟೈಲ್ಸ್ ಹಾಕಲು ಇನ್ನೂ ಮೂರು ತಿಂಗಳಿರುವಾಗಲೇ ತಂದು ಪೇರಿಸಿ, ಮೂಲೆ ಒಡೆದುಕೊಳ್ಳುವುದು. ಬೇಕಾದ್ದಕ್ಕಿಂತ ಮುಂಚೆ ಮಾಡುವುದಕ್ಕೆ ಉದಾಹರಣೆ, ಮಧ್ಯಾಹ್ನ ಊಟಕ್ಕೆ ಮುಂಚೆ ಕಲಸಿಟ್ಟ ಗಾರೆ. ಬಂದು ನೋಡಿದರೆ ಅದು ಗಟ್ಟಿಯಾಗಿರುತ್ತದೆ. ಅತಿಯಾದ ಕೆಲಸ ಅಂದರೆ ಗೋಡೆ ಸೊಟ್ಟ ಕಟ್ಟಿ ಆಮೇಲೆ ಎರಡಿಂಚು ಪ್ಲಾಸ್ಟರ್ ಹೊಡೆದು ನೇರ ಮಾಡುವುದು. ಏಳನೆಯದು ತಪ್ಪು ಕೆಲಸ, ಅಂದರೆ ಒಡೆದು ಮತ್ತೆ ಕಟ್ಟುವುದು.

ಇದರಲ್ಲಿ ಕೆಲವನ್ನು ಆ ದಿನವೇ ಸರಿ ಮಾಡಬಹುದು. ಕುಡಿಯುವ ನೀರಿನ ಕೊಡವನ್ನು ಕೆಲಸದ ಹತ್ತಿರ, ನೆರಳಿನಲ್ಲಿ ಇಡಿ. ಹೆಣ್ಣುಮಕ್ಕಳು ಕೆಲಸಕ್ಕೆ ಬರುವ ಸೈಟಿನಲ್ಲಿ ಮರೆಯಿರುವ ಶೌಚಾಲಯ ಮೊದಲ ದಿನದಿಂದಲೇ ಇರಲಿ. ಇದು ಮರ್ಯಾದೆಯ ಪ್ರಶ್ನೆ. ಲೀನ್ ಎಂಬ ಹೆಸರು ಹೇಳಿ ಇದನ್ನು ಬಿಟ್ಟರೆ ಮಿಕ್ಕಿದ್ದಕ್ಕೆ ಬೆಲೆ ಇಲ್ಲ.

ಎರಡನೇ ಹಂತ: ಮಾಲೀಕರ ತೀರ್ಮಾನಕ್ಕೂ ಒಂದು ಕೊನೆ ದಿನ

ಮನೆ ಕೆಲಸ ನಿಲ್ಲಿಸುವುದರಲ್ಲಿ ಮೇಸ್ತ್ರಿಗಿಂತ ಮಾಲೀಕರ ಪಾಲು ದೊಡ್ಡದು. ಅಡುಗೆ ಕಟ್ಟೆಯ ಅಳತೆ, ಬಾತ್‌ರೂಮ್ ಕಮೋಡ್ ಇರುವ ಜಾಗ, ದೇವರ ಮನೆ ಬಾಗಿಲು, ಫ್ಯಾನ್ ಪಾಯಿಂಟು, ಎಸಿ ಪಾಯಿಂಟು ಇವೆಲ್ಲ ಕೊನೆಯಲ್ಲಿ ನೋಡಿಕೊಳ್ಳೋಣ ಅನ್ನಿಸುತ್ತದೆ. ಆದರೆ ಫ್ಯಾನ್ ಪಾಯಿಂಟು ಮೋಲ್ಡ್ ಹಾಕುವ, ಅಂದರೆ ಛಾವಣಿಗೆ ಕಾಂಕ್ರೀಟ್ ಸುರಿಯುವ, ಮುಂಚೆಯೇ ಗೊತ್ತಿರಬೇಕು. ಕಮೋಡ್ ಜಾಗ ಗೊತ್ತಿಲ್ಲದೆ ಸಂಕನ್ ಸ್ಲ್ಯಾಬ್ (ಬಾತ್‌ರೂಮಿನ ಪೈಪಿಗೆಂದು ತಗ್ಗಿಸಿ ಹಾಕುವ ಸ್ಲ್ಯಾಬ್) ಹಾಕಿದರೆ ಆಮೇಲೆ ಕೊರೆಯುವುದೇ ಕೆಲಸ.

ಆದ್ದರಿಂದ ಒಂದು ಹಾಳೆಯ ಮೇಲೆ ಎರಡು ಕಾಲಂ ಮಾಡಿ. ಎಡಕ್ಕೆ ತೀರ್ಮಾನ, ಬಲಕ್ಕೆ ಅದು ಯಾವ ಕೆಲಸಕ್ಕೆ ಮುಂಚೆ ಬೇಕು ಎಂಬುದು. ಮನೆಯವರೆಲ್ಲ ಕೂತು ನೋಡಲಿ. ಅಡುಗೆ ಮನೆಯ ವಿಷಯದಲ್ಲಿ ಅಲ್ಲಿ ದಿನಾ ನಿಲ್ಲುವವರ ಮಾತೇ ಕೊನೆ ಮಾತಾಗಲಿ. ವಾಸ್ತು ನೋಡಿಸುವುದಿದ್ದರೆ ಅದನ್ನೂ ನಕ್ಷೆಯ ಹಂತದಲ್ಲೇ ಮುಗಿಸಿ. ಗೋಡೆ ಎದ್ದ ಮೇಲೆ ವಾಸ್ತು ಹೇಳುವವರನ್ನು ಕರೆದರೆ ಖರ್ಚು ಎಷ್ಟಾಗುತ್ತದೆ ಎಂದು ನಮ್ಮ ಕಡೆ ಎಲ್ಲರೂ ಕಂಡಿದ್ದಾರೆ, ಅಲ್ವಾ?

ಮೂರನೇ ಹಂತ: ಗೃಹಪ್ರವೇಶದಿಂದ ಹಿಂದಕ್ಕೆ ಎಣಿಸುವುದು

ಸಾಮಾನ್ಯವಾಗಿ ನಾವು ಮುಂದಕ್ಕೆ ಎಣಿಸುತ್ತೇವೆ. ಪಾಯ ಇಷ್ಟು ದಿನ, ಗೋಡೆ ಇಷ್ಟು ದಿನ, ಮೋಲ್ಡ್ ಇಷ್ಟು ದಿನ ಅಂತ. ಹೀಗೆ ಎಣಿಸಿದರೆ ಪ್ರತಿಯೊಬ್ಬರೂ ತಮಗೆ ಸಾಧ್ಯವಾದಾಗ ಕೆಲಸವನ್ನು ಮುಂದಿನವರ ಕಡೆಗೆ ತಳ್ಳುತ್ತಾರೆ. ಹಿಂದಕ್ಕೆ ಎಣಿಸಿದರೆ ಮುಂದಿನವರು ತಮಗೆ ಬೇಕಾದದ್ದನ್ನು ಬೇಕಾದ ಹೊತ್ತಿಗೆ ಎಳೆದುಕೊಳ್ಳುತ್ತಾರೆ. ಪುಲ್ ಪ್ಲಾನಿಂಗ್ ಅನ್ನುವುದು ಇದಕ್ಕೇ.

ಒಂದು ಭಾನುವಾರ ಎಲ್ಲ ಮುಖ್ಯಸ್ಥರನ್ನೂ ಕರೆಯಿರಿ. ಗಾರೆ ಮೇಸ್ತ್ರಿ, ಸೆಂಟ್ರಿಂಗ್‌ನವರು, ಕಬ್ಬಿಣ ಕಟ್ಟುವ ಬಾರ್ ಬೆಂಡಿಂಗ್‌ನವರು, ಪ್ಲಂಬರ್, ಎಲೆಕ್ಟ್ರಿಷಿಯನ್, ಬಡಗಿ, ಟೈಲ್ಸ್‌ನವರು, ಪೇಂಟರ್. ತಿಂಡಿ, ಟೀ ನಿಮ್ಮ ಲೆಕ್ಕದಲ್ಲಿ. ಒಬ್ಬೊಬ್ಬರಿಗೆ ಒಂದೊಂದು ಬಣ್ಣದ ಚೀಟಿ ಕೊಡಿ. ಗೋಡೆಯ ಬಲ ತುದಿಯಲ್ಲಿ ಗೃಹಪ್ರವೇಶದ ದಿನಾಂಕ ಅಂಟಿಸಿ. ಪ್ರತಿ ಚೀಟಿಯ ಮೇಲೆ ಮೂರು ವಿಷಯ ಬರೆಯಬೇಕು. ನನ್ನ ಕೆಲಸ ಏನು, ಎಷ್ಟು ದಿನ ಬೇಕು, ಶುರು ಮಾಡಲು ಯಾರಿಂದ ಏನು ಮುಗಿದಿರಬೇಕು. ಬರೆಯಲು ಬಾರದವರಿದ್ದರೆ ನೀವೇ ಬರೆದುಕೊಡಿ, ಆದರೆ ದಿನದ ಲೆಕ್ಕ ಮಾತ್ರ ಅವರೇ ಹೇಳಲಿ.

ಈಗ ಬಲದಿಂದ ಎಡಕ್ಕೆ ಬನ್ನಿ. ಕೊನೆಯ ಕೋಟ್ ಪೇಂಟ್ ಹೊಡೆಯಲು ಏನು ಬೇಕು ಎಂದು ಪೇಂಟರ್‌ನನ್ನು ಕೇಳಿ. ಕಿಟಕಿಗೆ ಗಾಜು ಕೂತಿರಬೇಕು, ಟೈಲ್ಸ್ ಗ್ರೌಟಿಂಗ್ ಮುಗಿದಿರಬೇಕು, ಬಾಗಿಲು ಉಜ್ಜುವ ಕೆಲಸ ಆಗಿರಬೇಕು, ಇಲ್ಲದಿದ್ದರೆ ಧೂಳು ಕೂರುತ್ತದೆ ಅನ್ನುತ್ತಾನೆ. ಟೈಲ್ಸ್‌ನವನನ್ನು ಕೇಳಿದರೆ ಬಾತ್‌ರೂಮಿನಲ್ಲಿ ವಾಟರ್‌ಪ್ರೂಫಿಂಗ್ ಆಗಿ ಒಂದೆರಡು ದಿನ ನೀರು ನಿಲ್ಲಿಸಿ ನೋಡಿರಬೇಕು, ಪೈಪ್‌ಲೈನಿಗೆ ಒತ್ತಡ ಕೊಟ್ಟು ಸೋರಿಕೆ ಪರೀಕ್ಷೆ ಆಗಿರಬೇಕು ಅನ್ನುತ್ತಾನೆ. ಪ್ಲಾಸ್ಟರ್ ಮಾಡುವವರು ಗೋಡೆಯೊಳಗಿನ ಪೈಪು, ಸ್ವಿಚ್ ಬಾಕ್ಸು, ಬಾಗಿಲ ಚೌಕಟ್ಟು ಎಲ್ಲ ಕೂತಿರಬೇಕು ಅನ್ನುತ್ತಾರೆ. ಬಡಗಿ ಆಗ ಬಾಯಿ ಬಿಡುತ್ತಾನೆ: "ಚೌಕಟ್ಟಿನ ಮರ ಇನ್ನೂ ಒಣಗಬೇಕ್ರಿ ಸಾರ್, ಈಗಲೇ ಹೇಳಿದ್ರೆ ಮಾತ್ರ ಆಗ್ತದೆ." ಈ ಒಂದು ಮಾತಿಗೇ ಆ ಭಾನುವಾರ ಸಾರ್ಥಕ. ಸಾಮಾನ್ಯವಾಗಿ ಇದು ಗೊತ್ತಾಗುವುದು ಪ್ಲಾಸ್ಟರ್‌ನವರು ಬಂದು ನಿಂತ ದಿನ.

ಎಲ್ಲ ಚೀಟಿ ಅಂಟಿಸಿದ ಮೇಲೆ ಎಡ ತುದಿ ಇವತ್ತಿನ ದಿನಾಂಕಕ್ಕಿಂತ ಹಿಂದೆ ಹೋಗಿದ್ದರೆ ಗಾಬರಿ ಬೇಡ. ಯಾವುದನ್ನು ಜೊತೆಜೊತೆಯಾಗಿ ನಡೆಸಬಹುದು ಎಂದು ಅವರನ್ನೇ ಕೇಳಿ. ಮಹಡಿಯಲ್ಲಿ ಗೋಡೆ ಏಳುವಾಗ ಕೆಳಗೆ ಪೈಪ್ ಕೆಲಸ ನಡೆಯಬಹುದು. ಆದರೂ ಸರಿಹೋಗದಿದ್ದರೆ ಮುಹೂರ್ತವನ್ನೇ ಮುಂದೆ ಹಾಕಿ. ಈ ಹಂತದಲ್ಲಿ ಹಾಕುವುದು ಸುಲಭ. ಕಾರ್ಡು ಹಂಚಿದ ಮೇಲೆ ಕಷ್ಟ.

ನಮ್ಮ ಪಂಚಾಂಗವನ್ನೂ ಆ ಗೋಡೆಗೆ ಅಂಟಿಸಬೇಕು. ಆಷಾಢದಲ್ಲಿ ಗೃಹಪ್ರವೇಶ ಮಾಡುವುದಿಲ್ಲ ಎಂದು ತುಂಬ ಜನ ಅದಕ್ಕೆ ಮುಂಚೆಯೇ ದಿನ ಇಟ್ಟುಕೊಳ್ಳುತ್ತಾರೆ. ಆ ಹೊತ್ತಿಗೆ ಒಳ್ಳೆಯ ಟೈಲ್ಸ್‌ನವರು, ಪೇಂಟರ್‌ಗಳು ಸಿಗುವುದು ಕಷ್ಟ. ಎರಡು ವರ್ಷಕ್ಕೊಮ್ಮೆ ದಾವಣಗೆರೆಯಲ್ಲಿ ದುಗ್ಗಮ್ಮನ ಜಾತ್ರೆ. ಚಿತ್ರದುರ್ಗದ ಕಡೆಯವರಿಗೆ ನಾಯಕನಹಟ್ಟಿ ತೇರು. ಮುಂಗಾರು ಬಿದ್ದು ಮೆಕ್ಕೆಜೋಳ, ಶೇಂಗಾ ಬಿತ್ತನೆ ಶುರುವಾದರೆ ಹಳ್ಳಿಯಿಂದ ಬರುವ ಆಳುಗಳು ತಮ್ಮ ಹೊಲಕ್ಕೆ ಹೋಗುತ್ತಾರೆ, ಹೋಗಲೇಬೇಕು. ಇವೆಲ್ಲ ಮುಂಚೆಯೇ ಗೊತ್ತಿರುವ ದಿನಗಳು. ಕ್ಯಾಲೆಂಡರಿನಲ್ಲಿ ಇರುವುದನ್ನು ಅಡಚಣೆ ಎಂದು ಕರೆಯುವುದು ಸರಿಯಲ್ಲ.

ನಾಲ್ಕನೇ ಹಂತ: ಆರು ವಾರ ಮುಂದೆ ನೋಡಿ ದಾರಿ ಬಿಡಿಸುವುದು

ಗೋಡೆ ಮೇಲಿನ ಯೋಜನೆ ದೊಡ್ಡದು. ಅದರಿಂದ ಮುಂದಿನ ಆರು ವಾರದ ಕೆಲಸಗಳನ್ನು ನೋಟ್‌ಬುಕ್ಕಿಗೆ ಇಳಿಸಿಕೊಳ್ಳಿ. ಚಿಕ್ಕ ಮನೆಗೆ ನಾಲ್ಕು ವಾರ ಆದರೂ ನಡೆಯುತ್ತದೆ. ಪ್ರತಿ ಕೆಲಸದ ಮುಂದೆ ಕೇಳಬೇಕಾದ್ದು ಒಂದೇ: ನಾಳೆಯೇ ಶುರು ಮಾಡು ಅಂದರೆ ಏನು ಅಡ್ಡ ಬರುತ್ತದೆ? ನಕ್ಷೆ ಇದೆಯೇ, ಹಿಂದಿನ ಕೆಲಸ ಮುಗಿದಿದೆಯೇ, ಸಾಮಾನು, ಆಳು, ಮಷಿನ್, ಜಾಗ, ಮಾಲೀಕರ ಹಣ ಇವೆಲ್ಲ ಇದೆಯೇ ನೋಡಿ. ಇಲ್ಲದ್ದನ್ನು ಬರೆದು, ಅದನ್ನು ಬಿಡಿಸುವವರ ಹೆಸರು ಮತ್ತು ದಿನಾಂಕ ಹಾಕಿ. ಹೆಸರಿಲ್ಲದ ಅಡ್ಡಿ ತಾನಾಗಿ ಬಿಡಿಸಿಕೊಳ್ಳುವುದಿಲ್ಲ.

ನಮ್ಮ ಸೀಮೆಯಲ್ಲಿ ಮೂರು ಅಡ್ಡಿಗಳನ್ನು ವಿಶೇಷವಾಗಿ ನೋಡಬೇಕು. ಒಂದು, ಎರೆ ಮಣ್ಣು. ದಾವಣಗೆರೆ ಸುತ್ತ ಎರೆ ಭೂಮಿಯ ಬಡಾವಣೆಗಳಲ್ಲಿ ಒಂದು ಜೋರು ಮಳೆ ಬಿದ್ದರೆ ಟಿಪ್ಪರ್ ಒಳಗೆ ಬರುವುದಿಲ್ಲ. ಜಲ್ಲಿ, ಎಂ ಸ್ಯಾಂಡ್ ಮಳೆಗೆ ಮುಂಚೆ ಇಳಿದಿರಬೇಕು, ಅಥವಾ ಸೈಟಿನವರೆಗೆ ಗ್ರ್ಯಾವೆಲ್ ಹಾಸಿರಬೇಕು. ಎರಡು, ಬಂಡೆ. ಚಿತ್ರದುರ್ಗ ಕೋಟೆ ನಿಂತಿರುವುದೇ ಬಂಡೆಗಳ ಮೇಲೆ, ಊರ ಸುತ್ತಲೂ ಅದೇ ನೆಲ. ಪಾಯ ತೋಡುವಾಗ ಬಂಡೆ ಸಿಕ್ಕರೆ ಬ್ರೇಕರ್ ಬೇಕು. ಮೊದಲೇ ಒಂದೆರಡು ಕಡೆ ಗುಂಡಿ ತೋಡಿ ನೋಡಿದರೆ ಬ್ರೇಕರ್‌ಗೆ ಹೇಳಿಡಬಹುದು. ಮೂರು, ನೀರು. ಬೇಸಿಗೆಯಲ್ಲಿ ಕ್ಯೂರಿಂಗ್‌ಗೆ, ಅಂದರೆ ಹೊಸ ಕಾಂಕ್ರೀಟನ್ನು ಒದ್ದೆಯಾಗಿ ಇಡಲು, ನೀರು ಎಲ್ಲಿಂದ ಎಂಬುದನ್ನು ಮೋಲ್ಡ್ ದಿನಾಂಕ ಇಡುವ ಮೊದಲೇ ಗಟ್ಟಿ ಮಾಡಿ. ಟ್ಯಾಂಕರ್ ಆದರೆ ಟ್ಯಾಂಕರ್, ಆದರೆ ಮಾತಾಗಿರಬೇಕು.

ಅಡ್ಡಿ ಬಿಡಿಸದ ಕೆಲಸವನ್ನು ಮುಂದಿನ ವಾರದ ಪಟ್ಟಿಗೆ ಸೇರಿಸಬೇಡಿ. ಎಲ್ಲ ಹಂತಗಳಲ್ಲೂ ಇದೇ ಅತಿ ಕಷ್ಟದ ನಿಯಮ, ಇದೇ ಅತಿ ಹೆಚ್ಚು ಫಲ ಕೊಡುವುದು.

ಐದನೇ ಹಂತ: ವಾರದ ಮಾತು

ಬಟವಾಡೆ ದಿನ ಎಲ್ಲರೂ ಸೈಟಿಗೆ ಬಂದೇ ಬರುತ್ತಾರೆ. ಹಣ ಕೈಗೆ ಬಂದ ಮೇಲೆ ಅರ್ಧ ಗಂಟೆ ನಿಂತು ಮಾತಾಡಿ. ಹಣ ಮೊದಲು, ಮಾತು ಆಮೇಲೆ. ಹಣ ತಡೆಹಿಡಿದು ಮಾತು ತೆಗೆದುಕೊಂಡರೆ ಅದಕ್ಕೆ ಬೆಲೆ ಇಲ್ಲ.

ಮುಂದಿನ ವಾರ ಏನು ಮುಗಿಸಿಕೊಡುತ್ತೀರಿ ಎಂದು ಪ್ರತಿಯೊಬ್ಬರನ್ನೂ ಕೇಳಿ. ನೀವೇ ಹೇಳಿಬಿಡಬೇಡಿ, ಅವರ ಬಾಯಿಂದ ಬರಲಿ. "ಆಗ್ತದೆ ಬಿಡ್ರಿ ಸಾರ್" ಅನ್ನುವುದು ಮಾತು ಕೊಟ್ಟಂತಲ್ಲ. "ಬುಧವಾರ ಸಂಜೆಗೆ ಹಾಲ್ ಮತ್ತು ಮುಂದಿನ ರೂಮಿನ ಗೋಡೆ ಲಿಂಟೆಲ್ ಮಟ್ಟಕ್ಕೆ ಬಂದಿರ್ತದೆ" ಅನ್ನುವುದು ಮಾತು. ಯಾವ ಜಾಗ, ಎಲ್ಲಿಯವರೆಗೆ, ಯಾವತ್ತು ಎಂಬ ಮೂರೂ ಇರಬೇಕು.

"ಆಗಲ್ಲ" ಎನ್ನುವ ಹಕ್ಕು ಅವರಿಗೆ ಇರಲೇಬೇಕು. ನಮ್ಮಲ್ಲಿ ದೊಡ್ಡವರ ಎದುರು, ಹಣ ಕೊಡುವವರ ಎದುರು ಆಗಲ್ಲ ಅನ್ನಲು ಸಂಕೋಚ. ಹೂಂ ಅಂದು ಸೋಮವಾರ ಫೋನ್ ಎತ್ತದೇ ಇರುವುದಕ್ಕೆ ಕಾರಣ ಆ ಸಂಕೋಚವೇ. ಮೊದಲ ಸಲ ಯಾರಾದರೂ "ಇಲ್ಲ ಸಾರ್, ನನಗೆ ಇಬ್ಬರು ಆಳು ಕಮ್ಮಿ ಇದ್ದಾರೆ, ಗುರುವಾರ ಆಗಲ್ಲ, ಶನಿವಾರ ಆಗ್ತದೆ" ಎಂದಾಗ ಎಲ್ಲರ ಮುಂದೆ ಅವರಿಗೆ ಥ್ಯಾಂಕ್ಸ್ ಹೇಳಿ. ಆ ಒಂದು ಉತ್ತರದಿಂದ ಮುಂದಿನ ಮೂವರ ವಾರ ಉಳಿಯಿತು.

ಮುಂದಿನ ಬಟವಾಡೆ ದಿನ ಲೆಕ್ಕ ನೋಡಿ. ಕೊಟ್ಟ ಮಾತು ಎಂಟು, ಉಳಿಸಿಕೊಂಡದ್ದು ಐದು ಎಂದರೆ ಶೇಕಡಾ 62 ಚಿಲ್ಲರೆ. ಮುಕ್ಕಾಲು ಮುಗಿದದ್ದನ್ನು ಮುಕ್ಕಾಲು ಎಂದು ಎಣಿಸಬೇಡಿ. ಮುಂದಿನವನು ಕೆಲಸ ಶುರು ಮಾಡಲು ಆಗದಿದ್ದರೆ ಅದು ಸೊನ್ನೆ. ಬಲ್ಲಾರ್ಡ್ ಮತ್ತು ಹೊವೆಲ್ 1990ರ ದಶಕದಲ್ಲಿ ಸೈಟುಗಳಲ್ಲಿ ಅಳೆದಾಗ ವಾರದ ಯೋಜನೆಯಲ್ಲಿ ಹೆಚ್ಚುಕಡಿಮೆ ಅರ್ಧ ಮಾತ್ರ ಹೇಳಿದಂತೆ ಮುಗಿಯುತ್ತಿತ್ತು. ಅದು ಅಮೆರಿಕದ ದೊಡ್ಡ ಕಂಪನಿಗಳ ಕಥೆ. ಹಾಗಾಗಿ ನಿಮ್ಮ ಮೊದಲ ವಾರದ ಲೆಕ್ಕ ಕಡಿಮೆ ಬಂದರೆ ಬೇಸರ ಬೇಡ.

ಈ ಶೇಕಡಾವಾರನ್ನು ದಂಡ ಹಾಕಲು ಬಳಸಿದ ದಿನ ಪದ್ಧತಿ ಸತ್ತುಹೋಗುತ್ತದೆ. ಎಲ್ಲರೂ ಚಿಕ್ಕ ಚಿಕ್ಕ ಮಾತು ಕೊಟ್ಟು ನೂರಕ್ಕೆ ನೂರು ತೆಗೆಯುತ್ತಾರೆ, ಮನೆ ಮಾತ್ರ ಮುಂದೆ ಹೋಗುವುದಿಲ್ಲ. ಲೆಕ್ಕದ ಉಪಯೋಗ ಕಾರಣ ಹುಡುಕಲು. ಉಳಿಯದ ಮಾತಿನ ಮುಂದೆ ಕಾರಣ ಬರೆಯಿರಿ. ಸಾಮಾನು ಬರಲಿಲ್ಲ, ಆಳು ಬರಲಿಲ್ಲ, ಹಿಂದಿನ ಕೆಲಸ ಮುಗಿದಿರಲಿಲ್ಲ, ನಕ್ಷೆ ಬದಲಾಯಿತು, ಮಳೆ ಬಂತು ಅಂತ. ಕೆಲವು ವಾರ ಬರೆದರೆ ಒಂದು ಕಾರಣ ಮತ್ತೆ ಮತ್ತೆ ಬರುವುದು ಕಾಣುತ್ತದೆ.

ಆಗ ಯಾಕೆ ಎಂದು ಐದು ಸಲ ಕೇಳುವ ಟೊಯೋಟಾ ಅಭ್ಯಾಸ ಕೈ ಹಿಡಿಯುತ್ತದೆ. ಶುಕ್ರವಾರ ಮೋಲ್ಡ್ ಹಾಕಲಿಲ್ಲ ಅಂದುಕೊಳ್ಳಿ. ಯಾಕೆ? ಎಲೆಕ್ಟ್ರಿಕ್ ಪೈಪ್ ಹಾಸಿರಲಿಲ್ಲ. ಯಾಕೆ? ಎಲೆಕ್ಟ್ರಿಷಿಯನ್ ಬರಲಿಲ್ಲ. ಯಾಕೆ? ಕಬ್ಬಿಣ ಕಟ್ಟುವುದು ಬುಧವಾರವೇ ಮುಗಿದದ್ದು ಅವನಿಗೆ ಗೊತ್ತಿರಲಿಲ್ಲ. ಯಾಕೆ? ಎಂಜಿನಿಯರ್ ಹೇಳುತ್ತಾರೆ ಎಂದು ಮೇಸ್ತ್ರಿ ಅಂದುಕೊಂಡ, ಮೇಸ್ತ್ರಿ ಹೇಳುತ್ತಾನೆ ಎಂದು ಎಂಜಿನಿಯರ್. ಯಾಕೆ? ಯಾರು ಹೇಳಬೇಕು ಎಂಬುದೇ ತೀರ್ಮಾನ ಆಗಿರಲಿಲ್ಲ. ಹಾಗಾದರೆ ಎಲೆಕ್ಟ್ರಿಷಿಯನ್ ಮೇಲೆ ಕೂಗಾಡಿ ಏನು ಸಿಗುತ್ತದೆ? ಯಾರ ಕೆಲಸ ಮುಗಿಯುತ್ತದೋ ಅವರೇ ಮುಂದಿನವರಿಗೆ ಫೋನ್ ಮಾಡಬೇಕು ಎಂದು ಒಂದು ನಿಯಮ ಮಾಡಿದರೆ ಆ ಬಗೆಯ ತಡ ಅಲ್ಲಿಗೆ ನಿಲ್ಲುತ್ತದೆ.

ಆರನೇ ಹಂತ: ಸಾಮಾನಿನ ಲೆಕ್ಕ

ಸಿಮೆಂಟು ಒಟ್ಟಿಗೆ ತಂದರೆ ರೇಟು ಕಡಿಮೆ ಎಂಬ ಆಸೆ ಎಲ್ಲರಿಗೂ. ಆದರೆ ಚೀಲ ಹಳೆಯದಾದಷ್ಟೂ ಶಕ್ತಿ ಕಳೆದುಕೊಳ್ಳುತ್ತದೆ, ಮಳೆಗಾಲದ ತೇವದಲ್ಲಿ ಇನ್ನೂ ಬೇಗ. ಎರಡು ಮೂರು ವಾರಕ್ಕೆ ಬೇಕಾದಷ್ಟು ತರಿಸಿ. ನೆಲದಿಂದ ಅರ್ಧ ಅಡಿ ಮೇಲೆ ಹಲಗೆ ಹಾಕಿ, ಗೋಡೆಗೆ ತಾಗದಂತೆ, 10 ಚೀಲಕ್ಕಿಂತ ಎತ್ತರ ಆಗದಂತೆ ಪೇರಿಸಿ. ಮೊದಲು ಬಂದದ್ದು ಮೊದಲು ಖರ್ಚಾಗಲಿ.

ಕಾರ್ಖಾನೆಯ ಹಾಗೆ ಬೇಕಾದ ಗಂಟೆಗೆ ಸಾಮಾನು ಬರುತ್ತದೆ ಎಂದು ನಂಬುವುದು ನಮ್ಮಲ್ಲಿ ಸರಿಹೋಗುವುದಿಲ್ಲ. ಕ್ರಷರ್ ಬಂದ್ ಆಗಬಹುದು, ಲಾರಿ ಮುಷ್ಕರ ಬರಬಹುದು. ಹಾಗಾಗಿ ಎಂ ಸ್ಯಾಂಡ್ ಮತ್ತು ಜಲ್ಲಿ ಒಂದು ವಾರದಷ್ಟು ಹೆಚ್ಚಿಗೆ ಇರಲಿ. ಟೈಲ್ಸ್, ಸ್ಯಾನಿಟರಿ, ಪೇಂಟು ಮಾತ್ರ ಆರ್ಡರ್ ಕೊಟ್ಟಿಟ್ಟು ಬೇಕಾದ ವಾರ ಇಳಿಸಿಕೊಳ್ಳಿ.

ಕಬ್ಬಿಣದಲ್ಲಿ ಉಳಿತಾಯ ಕತ್ತರಿಸುವ ಮುಂಚೆಯೇ ಇರುತ್ತದೆ. ಸರಳು ಬರುವುದು ಸಾಮಾನ್ಯವಾಗಿ 12 ಮೀಟರ್ ಉದ್ದ. 4.2 ಮೀಟರ್ ತುಂಡು ಬೇಕು ಎಂದು ಒಂದರಲ್ಲಿ ಎರಡು ಕತ್ತರಿಸಿದರೆ 8.4 ಹೋಗಿ 3.6 ಮೀಟರ್ ಉಳಿಯುತ್ತದೆ. 12 ಎಂಎಂ ಸರಳು ಮೀಟರಿಗೆ ಸುಮಾರು 0.89 ಕೆಜಿ. ಅಂದರೆ ಒಂದು ಸರಳಿಗೆ 3.2 ಕೆಜಿ ಮೂಲೆಗೆ, 20 ಸರಳಿಗೆ 64 ಕೆಜಿ. ಅದೇ ಮನೆಯಲ್ಲಿ 3.5 ಮೀಟರ್ ತುಂಡೂ ಬೇಕಿದ್ದರೆ ಎರಡು 4.2, ಒಂದು 3.5 ಸೇರಿ 11.9 ಆಗುತ್ತದೆ. ಉಳಿಯುವುದು ಒಂದು ಗೇಣಿಗೂ ಕಡಿಮೆ. ಬಾರ್ ಬೆಂಡಿಂಗ್ ಪಟ್ಟಿಯನ್ನು ಎಂಜಿನಿಯರ್ ಕಡೆಯಿಂದ ಮೊದಲೇ ಬರೆಸಿ, ಯಾವ ತುಂಡಿಗೆ ಯಾವ ತುಂಡು ಜೋಡಿ ಎಂದು ಕೂತು ನೋಡಿದ ಮೇಲೆ ಕಟರ್ ಮುಟ್ಟಿ.

ಜಾಗ ಕೂಡ ಒಂದು ಸಾಮಾನು ಎಂದುಕೊಳ್ಳಿ. ಜಲ್ಲಿ ರಾಶಿ ಎಲ್ಲಿ, ಬ್ಲಾಕ್ ಎಲ್ಲಿ, ಕಬ್ಬಿಣ ಬಗ್ಗಿಸುವ ಬೆಂಚ್ ಎಲ್ಲಿ ಎಂದು ಸುಣ್ಣದಲ್ಲಿ ಗೆರೆ ಹಾಕಿ. ಸಂಜೆ ಹೋಗುವ ಮುಂಚೆ ಹತ್ತು ನಿಮಿಷ ಗುಡಿಸಿ, ಮೊಳೆ ಆರಿಸಿ, ಉಪಕರಣ ತೊಳೆದು ಅದರದರ ಜಾಗದಲ್ಲಿ ಇಡುವುದು ಕೂಲಿ ಸಮಯದೊಳಗೇ ಇರಲಿ. ಕಾಲಿಗೆ ಮೊಳೆ ಚುಚ್ಚುವುದೂ ತಪ್ಪುತ್ತದೆ.

ಏಳನೇ ಹಂತ: ಮೋಲ್ಡ್ ದಿನ

ಈ ದಿನವನ್ನು ಬಿಡಿಸಿ ನೋಡುವುದು ಒಳ್ಳೆಯದು, ಯಾಕೆಂದರೆ ಇಡೀ ಪದ್ಧತಿ ಒಂದೇ ದಿನದಲ್ಲಿ ಕಾಣುತ್ತದೆ. 1000 ಚದರ ಅಡಿ, 5 ಇಂಚು ದಪ್ಪದ ಸ್ಲ್ಯಾಬ್ ಅಂದರೆ ಸುಮಾರು 417 ಘನ ಅಡಿ ಕಾಂಕ್ರೀಟ್, ಹತ್ತಿರ ಹತ್ತಿರ 11.8 ಘನ ಮೀಟರ್. ಎಂ20 ಎಂಬ ದರ್ಜೆಯ ಕಾಂಕ್ರೀಟ್ ಮಿಶ್ರಣಕ್ಕೆ ಘನ ಮೀಟರಿಗೆ 8 ಚೀಲ ಹಿಡಿದರೆ ಸುಮಾರು 94 ಚೀಲ. ಸಲಕ್ಕೆ ಒಂದು ಚೀಲ ಸಿಮೆಂಟಿನ ಕಾಂಕ್ರೀಟ್ ಕಲಸುವ ಮಿಲ್ಲರ್ ಮಷಿನ್‌ನಲ್ಲಿ 94 ಸಲ ತಿರುಗಿಸಬೇಕು. ಒಂದು ಸಲಕ್ಕೆ 5 ನಿಮಿಷ ಆದರೆ 470 ನಿಮಿಷ, ಅಂದರೆ ಎಂಟು ಗಂಟೆಗೆ ಸ್ವಲ್ಪ ಕಡಿಮೆ.

ಇಲ್ಲಿ ಮೇಲೆ ಎಷ್ಟು ಜನ ನಿಂತರೂ ಕೆಲಸ ಓಡುವುದು ಮಿಲ್ಲರ್ ಓಡಿದಷ್ಟೇ. ಆದ್ದರಿಂದ ಆ ಮಷಿನ್ ಒಂದು ಕ್ಷಣವೂ ಖಾಲಿ ಇರಬಾರದು. ಜಲ್ಲಿ, ಎಂ ಸ್ಯಾಂಡ್ ರಾಶಿ ಅದರ ಎರಡು ಬದಿಗೆ ಹತ್ತಿರದಲ್ಲಿರಲಿ. ಸಿಮೆಂಟ್ ಚೀಲ ಹಿಂದಿನ ಸಂಜೆಯೇ ಬಂದಿರಲಿ, ಮೇಲೆ ಟಾರ್ಪಾಲ್ ಇರಲಿ. ನೀರನ್ನು ಅಳತೆಯ ಬಕೆಟಿನಲ್ಲಿ ತುಂಬಿಡಿ. ಸಲಕ್ಕೆ ಒಂದು ನಿಮಿಷ ಉಳಿದರೂ 94 ನಿಮಿಷ, ಅಂದರೆ ಒಂದೂವರೆ ಗಂಟೆ ಮುಂಚೆ ಮುಗಿಯುತ್ತದೆ. ಏಪ್ರಿಲ್ ಬಿಸಿಲಲ್ಲಿ ಆ ಒಂದೂವರೆ ಗಂಟೆ ಕಾಂಕ್ರೀಟಿಗೂ ಜನರಿಗೂ ದೊಡ್ಡದು. ಬೆಳಕು ಹರಿಯುವ ಹೊತ್ತಿಗೇ ಶುರು ಮಾಡಿ.

ಹಾಕುವ ಮುಂಚಿನ ಸಂಜೆ ಒಂದು ಹಾಳೆ ಹಿಡಿದು ಮೇಲೆ ಹತ್ತಿ. ಸರಳು ಅಚ್ಚಿನ ಹಲಗೆಗೆ ತಾಗದಂತೆ ಕೆಳಗಿಡುವ ಕವರ್ ಬ್ಲಾಕ್ ಕೂತಿದೆಯೇ, ಸರಳಿನ ಅಂತರ ಸರಿಯೇ, ಫ್ಯಾನ್ ಬಾಕ್ಸು, ಪೈಪು ಕಟ್ಟಿದ್ದಾರೆಯೇ, ಅಚ್ಚಿಗೆ ಆಸರೆ ಕೊಡುವ ಪ್ರಾಪ್‌ಗಳ ಕೆಳಗೆ ನೆಲ ಗಟ್ಟಿಯೇ, ಸಂದಿಗಳು ಮುಚ್ಚಿವೆಯೇ, ವೈಬ್ರೇಟರ್ ಓಡುತ್ತದೆಯೇ. ಒಂದು ತಪ್ಪಿದ್ದರೂ ಬೆಳಗ್ಗೆ ಮಿಲ್ಲರ್ ತಿರುಗಬಾರದು. ಈ ನಿಲ್ಲಿಸುವ ಅಧಿಕಾರ ಎಂಜಿನಿಯರ್‌ಗೆ ಮಾತ್ರ ಅಲ್ಲ, ಕಬ್ಬಿಣ ಕಟ್ಟುವ ಹುಡುಗನಿಗೂ ಇರಲಿ. ಟೊಯೋಟಾದಲ್ಲಿ ಸಾಲಿನಲ್ಲಿ ನಿಂತ ಯಾವ ಕೆಲಸಗಾರನೂ ಹಗ್ಗ ಎಳೆದೋ ಗುಂಡಿ ಒತ್ತಿಯೋ ಕೆಲಸ ನಿಲ್ಲಿಸಲು ಕರೆ ಕೊಡಬಹುದು. ಅದೇ ನಂಬಿಕೆ ಇಲ್ಲಿಯೂ ಬೇಕು.

ಇವನ್ನು ಮಾತ್ರ ವ್ಯರ್ಥ ಎಂದುಕೊಳ್ಳಬೇಡಿ

ದಿನ ಉಳಿಸುವ ಹುಮ್ಮಸ್ಸಿನಲ್ಲಿ ಕೆಲವರು ಕ್ಯೂರಿಂಗ್ ದಿನ ಕಡಿಮೆ ಮಾಡುತ್ತಾರೆ, ಪ್ರಾಪ್ ಬೇಗ ತೆಗೆಯುತ್ತಾರೆ. ದಯವಿಟ್ಟು ಬೇಡ. ಕಾಂಕ್ರೀಟ್ ಗಟ್ಟಿಯಾಗುವ ಹೊತ್ತು ಕಾಯುವುದಲ್ಲ, ಆಗ ಕೆಲಸ ನಡೆಯುತ್ತಲೇ ಇರುತ್ತದೆ. ಕಾಂಕ್ರೀಟ್ ಕೆಲಸಕ್ಕೆ ಇರುವ ಭಾರತೀಯ ಮಾನಕ ಐಎಸ್ 456 ಪ್ರಕಾರ ಒಪಿಸಿ, ಅಂದರೆ ಸಾಧಾರಣ ಪೋರ್ಟ್‌ಲ್ಯಾಂಡ್ ಸಿಮೆಂಟಿಗೆ ಕನಿಷ್ಠ 7 ದಿನ ಕ್ಯೂರಿಂಗ್, ಪಿಪಿಸಿಯಂಥ (ಹಾರುಬೂದಿ ಮುಂತಾದವು ಬೆರೆತ) ಮಿಶ್ರ ಸಿಮೆಂಟಿಗೆ ಕನಿಷ್ಠ 10 ದಿನ. ನಮ್ಮಂಥ ಒಣ ಬಿಸಿಲ ಸೀಮೆಗೆ ಒಪಿಸಿಗೂ ಕನಿಷ್ಠ 10 ದಿನ ಬೇಕು, ಮಿಶ್ರ ಸಿಮೆಂಟಿಗೆ 14 ದಿನದವರೆಗೆ ಮಾಡುವುದು ಒಳ್ಳೆಯದು. ಸ್ಲ್ಯಾಬಿನ ಮೇಲೆ ಗಾರೆಯ ಪಾತಿ ಕಟ್ಟಿ ನೀರು ನಿಲ್ಲಿಸಿ. ಕಂಬಕ್ಕೆ ಒದ್ದೆ ಗೋಣಿ ತಾಟು ಸುತ್ತಿ.

ಅದೇ ನಿಯಮದಲ್ಲಿ ಸ್ಲ್ಯಾಬ್ ಹರವು (ಒಂದು ಆಧಾರದಿಂದ ಇನ್ನೊಂದಕ್ಕೆ ಇರುವ ದೂರ) 4.5 ಮೀಟರ್ ಒಳಗಿದ್ದರೆ ಪ್ರಾಪ್ 7 ದಿನ, ಅದಕ್ಕಿಂತ ಜಾಸ್ತಿ ಇದ್ದರೆ 14 ದಿನ. ಬೀಮ್ 6 ಮೀಟರ್ ಒಳಗಿದ್ದರೆ 14, ಮೀರಿದರೆ 21 ದಿನ. ಇದು ಒಪಿಸಿಯ ಲೆಕ್ಕ. ಬೇರೆ ಸಿಮೆಂಟಿಗೆ ಇನ್ನೂ ಕೆಲವು ದಿನ ಬೇಕು, ನಿಮ್ಮ ಎಂಜಿನಿಯರ್ ಹೇಳಿದಂತೆ ಮಾಡಿ. ಈ ದಿನಗಳನ್ನು ಗೋಡೆಯ ಚೀಟಿಗಳಲ್ಲಿ ಮೊದಲೇ ಬರೆದಿಟ್ಟು, ಪ್ರಾಪ್ ಇಲ್ಲದ ಕಡೆ ನಡೆಯುವ ಕೆಲಸಗಳನ್ನು ಆ ಹೊತ್ತಿಗೆ ಹೊಂದಿಸಿಕೊಳ್ಳಿ.

ಒಂದಕ್ಕಿಂತ ಹೆಚ್ಚು ಮನೆ ಅಥವಾ ಮಹಡಿ ಇದ್ದರೆ

ನಾಲ್ಕು ಮಹಡಿಯ ಕಟ್ಟಡ, ಒಳಗಿನ ಕೆಲಸಕ್ಕೆ ಐದು ತಂಡ, ಒಂದು ಮಹಡಿಗೆ ಒಂದೊಂದು ತಂಡಕ್ಕೂ ಒಂದು ವಾರ ಎಂದುಕೊಳ್ಳಿ. ಒಂದು ತಂಡ ನಾಲ್ಕೂ ಮಹಡಿ ಮುಗಿಸಿದ ಮೇಲೆ ಇನ್ನೊಂದು ಬಂದರೆ 20 ವಾರ. ಮೊದಲ ತಂಡ ಒಂದು ಮಹಡಿ ಮುಗಿಸಿ ಮುಂದಿನದಕ್ಕೆ ಹೋದ ಕೂಡಲೇ ಎರಡನೇ ತಂಡ ಹಿಂದೆ ಬಂದರೆ 8 ವಾರದಲ್ಲಿ ಮುಗಿಯುತ್ತದೆ. ಅವರೇ ಜನ, ಅದೇ ಕೂಲಿ. ಆದರೆ ಎಲ್ಲ ತಂಡಗಳ ವೇಗ ಹೆಚ್ಚುಕಡಿಮೆ ಒಂದೇ ಇರಬೇಕು. ನಿಧಾನ ಆಗುವ ತಂಡಕ್ಕೆ ಆಳು ಸೇರಿಸಿ, ವೇಗದವರನ್ನು ಇನ್ನೂ ಓಡಿಸಬೇಡಿ. ಒಂದೇ ಮನೆಯಲ್ಲೂ ಇದನ್ನು ರೂಮಿನ ಲೆಕ್ಕದಲ್ಲಿ ಮಾಡಬಹುದು. ಒಂದು ರೂಮು ಪ್ಲಾಸ್ಟರ್ ಮುಗಿದರೆ ಗುಡಿಸಿ ಮುಂದಿನವರಿಗೆ ಕೊಡುವುದು.

ಸೈಟ್ ಈಗಾಗಲೇ ಅರ್ಧ ಎದ್ದಿದ್ದರೆ

ಹೊಸ ಮನೆ ಶುರುವಾಗುವವರೆಗೆ ಕಾಯಬೇಕಿಲ್ಲ. ಈ ವಾರದ ಬಟವಾಡೆ ದಿನ ಐದನೇ ಹಂತದಿಂದಲೇ ಶುರು ಮಾಡಿ. ಸೈಟಿನಲ್ಲಿರುವ ಇಬ್ಬರೋ ಮೂವರೋ ಮುಖ್ಯಸ್ಥರು ಸಾಕು. ಒಬ್ಬೊಬ್ಬರಿಂದ ಒಂದೊಂದೇ ಮಾತು ತೆಗೆದುಕೊಂಡು ಬಾಗಿಲ ಪಕ್ಕದ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆಯಿರಿ. ಮಾಲೀಕರಾಗಿ ನಿಮ್ಮ ಮಾತೂ ಅದರಲ್ಲಿ ಇರಲಿ. ಮಂಗಳವಾರದೊಳಗೆ ಟೈಲ್ಸ್ ಆರಿಸಿ ಹೇಳುತ್ತೇನೆ, ಗುರುವಾರದೊಳಗೆ ಕಬ್ಬಿಣದ ಹಣ ಕಟ್ಟುತ್ತೇನೆ ಅಂತ. ಎರಡು ಮೂರು ವಾರ ಹೀಗೆ ನಡೆದ ಮೇಲೆ ಆರು ವಾರದ ಪಟ್ಟಿ ತೆರೆಯಿರಿ, ಆಮೇಲೆ ಉಳಿದ ಕೆಲಸಕ್ಕೆ ಮಾತ್ರ ಚೀಟಿ ಅಂಟಿಸಿ ಗೃಹಪ್ರವೇಶದಿಂದ ಹಿಂದಕ್ಕೆ ಬನ್ನಿ. ಕಾರಣಗಳ ಪಟ್ಟಿಯನ್ನು ಮಾತ್ರ ಮೊದಲ ವಾರದಿಂದಲೇ ಬರೆದಿಡಿ. ಮುಂದಿನ ಮನೆಯ ಯೋಜನೆ ಹಾಕುವಾಗ ಆ ನೋಟ್‌ಬುಕ್ ಮೊದಲು ಬೇಕಾಗುತ್ತದೆ.